ಖಂಡೇಪೂಜೆಗೆ ಇಟ್ಟ ಬ್ಯಾಟು

ಬ್ಯಾಟಿನ ಹಿಡಿಕೆಗೆ ತೊಡಿಸಿದ ಹಸಿರು ರಬ್ಬರು ಮುಗಿದು ಮರ ಶುರುವಾಗುವ ಸಂದಿಯಲ್ಲಿ ಕಡಲೆಬೇಳೆಯಷ್ಟು ಕುಂಕುಮ ಉಳಿದಿದೆ. ಈಗ ಅದು ಕೆಂಪಲ್ಲ, ಒಣಗಿದ ಖರ್ಜೂರದ ಬಣ್ಣ. ಅದರ ಕೆಳಗೆ ಅಂಗೈಯಗಲ ಜಾಗದಲ್ಲಿ ಮರ ಸವೆದಿದೆ. ನೋಡಿದರೆ ತಿಳಿಯುವುದಿಲ್ಲ, ಬೆರಳಾಡಿಸಿದರೆ ತಗ್ಗು ಸಿಗುತ್ತದೆ. ಹೋದ ತಿಂಗಳು ಮನೆ ಬದಲಿಸುವಾಗ ಮಂಚದ ಕೆಳಗಿನಿಂದ ಅದನ್ನು ಎಳೆದು ತೆಗೆದೆ. ಅಪ್ಪ ನೋಡಿ, “ಇದು ಇನ್ನೂ ಐತೇನು?” ಎಂದು ಕೇಳಿದ. ನಾನು ಉತ್ತರ ಕೊಡುವ ಮೊದಲೇ ಪೆಟ್ಟಿಗೆಗೆ ಅಂಟಿಸುವ ಟೇಪು ಹುಡುಕುತ್ತ ಒಳಗೆ ಹೋದ.

ನಾನು ಹತ್ತು ವರ್ಷದವಳಾಗಿದ್ದ ಆ ದಿನಗಳಲ್ಲಿ ಮಸ್ಕತ್ತಿನ ವರ್ಷಕ್ಕೆ ಎರಡೇ ಕಾಲ ಇದ್ದವು: ಆಟವಿಲ್ಲದ ಕಾಲ, ಆಟದ ಕಾಲ. ಆಟವಿಲ್ಲದ ಕಾಲದಲ್ಲಿ ಕಿಟಕಿಗಳು ಮುಚ್ಚಿರುತ್ತಿದ್ದವು, ಎಸಿ ಸದ್ದು ಮಾಡುತ್ತಿತ್ತು, ಕಾರಿನ ಬಾಗಿಲಿನ ಹಿಡಿ ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಒಂದು ದಿನ, ಬೇಸಿಗೆ ಇನ್ನು ಮುಗಿಯುವುದೇ ಇಲ್ಲ ಎಂದು ಎಲ್ಲರೂ ಒಪ್ಪಿಕೊಂಡ ಮೇಲೆ, ಅಪ್ಪ ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು ಸಮುದ್ರದ ಕಡೆ ಮುಖ ಮಾಡಿ, “ಖಲಾಸ್, ಬಿಸಲು ಮುಗೀತು” ಅನ್ನುತ್ತಿದ್ದ. ಅಂದೇ ಕ್ರಿಕೆಟ್ಟಿನ ಕಿಟ್ ಬ್ಯಾಗು ಹೊರಗೆ ಬರುತ್ತಿತ್ತು.

ಆ ಬ್ಯಾಗು ಇರುತ್ತಿದ್ದುದು ಅಲ್ ಗುಬ್ರಾದ ನಮ್ಮ ಮನೆಯಲ್ಲಿ. ಅಪ್ಪ ಸಮುದ್ರದ ನೀರು ಸಿಹಿ ಮಾಡುವ ಸ್ಥಾವರದಲ್ಲಿ ಮೀಟರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ. ಶುಕ್ರವಾರ ಮಾತ್ರ ಅವನು ಗುಬ್ರಾ ಇಲೆವೆನ್ ತಂಡದ ವಿಕೆಟ್ ಕೀಪರ್. ನಮ್ಮದು ನೆಲಮಹಡಿಯ ಮನೆಯಾದ್ದರಿಂದ ತಂಡದ ಸಾಮಾನೆಲ್ಲ ನಮ್ಮ ಚಪ್ಪಲಿ ಗೂಡಿನ ಪಕ್ಕ ಬಂದು ಬೀಳುತ್ತಿತ್ತು. ಬೆವರು ಹೀರಿದ ಪ್ಯಾಡುಗಳ ಹುಳಿ ವಾಸನೆ, ಮ್ಯಾಟಿನ ಧೂಳು, ಬ್ಯಾಟುಗಳಿಗೆ ಬಳಿಯುವ ಅಗಸೆ ಎಣ್ಣೆ. “ಮನಿ ತುಂಬ ಅಗಸಿ ಚಟ್ನಿ ವಾಸನಿ, ರೊಟ್ಟಿಗೆ ಹಚ್ಕೊಳ್ಳಾಕ ಏನೂ ಇಲ್ಲ,” ಎಂದು ಅವ್ವ ಪ್ರತಿ ವರ್ಷ ಅನ್ನುತ್ತಿದ್ದಳು. ಆದರೆ ಬ್ಯಾಗನ್ನು ಬೇರೆಯವರ ಮನೆಗೆ ಕಳಿಸಿ ಎಂದು ಒಮ್ಮೆಯೂ ಅನ್ನಲಿಲ್ಲ.

ಮೈದಾನವೆಂದರೆ ಫ್ಲಾಟುಗಳ ಹಿಂದಿನ ಕಲ್ಲುಹರಳಿನ ಬಯಲು. ನಡುವೆ ಸಿಮೆಂಟಿನ ಒಂದು ಪಟ್ಟಿ, ಅದರ ಮೇಲೆ ಹಾಸುವ ಹಸಿರು ಮ್ಯಾಟು. ಬಿದ್ದು ಚೆಂಡು ಹಿಡಿದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತಿತ್ತು. ಒಂದು ಬದಿಗೆ ರಸ್ತೆ, ರಸ್ತೆಯಾಚೆ ಪೆಟ್ರೋಲ್ ಪಂಪು. ತಂಡದಲ್ಲಿ ಧಾರವಾಡದವರು, ಮೈಸೂರಿನವರು, ಮಂಗಳೂರಿನವರು. ಒಂದೇ ಚೆಂಡಿನ ಹಿಂದೆ ಮೂರು ಕನ್ನಡ ಕೂಗಿಕೊಂಡು ಓಡುತ್ತಿದ್ದವು. ನಾನು ಮ್ಯಾಟಿನ ಮೊಳೆಗಳ ಡಬ್ಬಿ ಹಿಡಿದುಕೊಂಡು ಕಾರಿನ ನೆರಳಿನಲ್ಲಿ ಕೂರುತ್ತಿದ್ದೆ. ಆಡುವ ಆಸೆ ನನಗಿರಲಿಲ್ಲ. ಗೆಲ್ಲುವ ಆಸೆ ಇತ್ತು.

ಹಿಂದಿನ ವರ್ಷ ಕಡೆಯ ಪಂದ್ಯದಲ್ಲಿ ನಾವು ಮಸ್ಕತ್ತಿನದೇ ಇನ್ನೊಂದು ಬಡಾವಣೆಯಾದ ಹಮ್ರಿಯಾದ ತಂಡಕ್ಕೆ ಸೋತಿದ್ದೆವು. ಆ ಬೇಸಿಗೆಯ ರಜೆಯಲ್ಲಿ ಧಾರವಾಡದ ಅಜ್ಜಿಯ ಮನೆಯಲ್ಲಿ ಮಾವಿನಹಣ್ಣು ತಿನ್ನುತ್ತ ನಾನು ಯೋಚಿಸುತ್ತಿದ್ದುದು ಬರುವ ಸೀಸನ್ನನ್ನೇ. ಕ್ಯಾಪ್ಟನ್ ನಾಗರಾಜ್ ಅಂಕಲ್ ಈ ಸಲ ಜೊತೆಗಾರನನ್ನು ನೋಡದೆ ಓಡಿ ರನೌಟ್ ಆಗುವುದಿಲ್ಲ. ಅಪ್ಪ ಎಡಗಡೆಯ ಕ್ಯಾಚು ಬಿಡುವುದಿಲ್ಲ. ಮತ್ತೆ ಇಲ್ಯಾಸ್ ಅಂಕಲ್ ಇರುತ್ತಾರೆ, ಪೂರ್ತಿ ಸೀಸನ್. ಅದೊಂದನ್ನು ನೆನೆದರೆ ಉಳಿದವರು ಏನು ಮಾಡಿದರೂ ನಡೆಯುತ್ತದೆ ಅನಿಸುತ್ತಿತ್ತು.

ಇಲ್ಯಾಸ್ ಅಂಕಲ್ ಬಂಟ್ವಾಳದ ಕಡೆಯ ಬ್ಯಾರಿಗಳು. ಮೊದಲು ಮಸ್ಕತ್ತಿನಿಂದ ನಾಲ್ಕು ತಾಸು ದೂರದ ಬುರೈಮಿಯಲ್ಲಿ ವಾಹನಗಳ ಬಿಡಿಭಾಗದ ಅಂಗಡಿಯಲ್ಲಿದ್ದರು. ಅಪ್ಪ ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋಗಿದ್ದಾಗ ಚಹಾದಂಗಡಿಯಲ್ಲಿ ಅವರು ಫೋನಿನಲ್ಲಿ ಯಾರಿಗೋ ಕನ್ನಡದಲ್ಲಿ ಬೈಯುವುದನ್ನು ಕೇಳಿ ಹೋಗಿ ಪಕ್ಕದಲ್ಲಿ ಕೂತನಂತೆ. ಆಗಿನಿಂದ ಬಿಡುವಾದಾಗ ಬಂದು ನಮ್ಮ ತಂಡಕ್ಕೆ ಆಡುತ್ತಿದ್ದರು. ನಾನು ಹೇಳುತ್ತಿರುವ ವರ್ಷ ಅವರಿಗೆ ಹಮ್ರಿಯಾದ ಅಂಗಡಿಗೆ ವರ್ಗವಾಗಿತ್ತು. ಹೆಂಡತಿ ಮಕ್ಕಳು ಊರಲ್ಲಿ, ಇವರು ಅಂಗಡಿಯ ಮೇಲಿನ ಕೋಣೆಯಲ್ಲಿ. ಹಮ್ರಿಯಾದವರು ತಮ್ಮ ತಂಡಕ್ಕೆ ಕರೆದರೂ ಅವರು ಹೋಗಲಿಲ್ಲ. “ಅಲ್ಲಿ ಆಡಿದ್ರೆ ಮಧ್ಯಾಹ್ನ ಹೋಟೆಲಿನ ಕುಬ್ಬೂಸು. ಇಲ್ಲಿ ಅಕ್ಕನ ರೊಟ್ಟಿ ಉಂಟಲ್ಲ,” ಅನ್ನುತ್ತಿದ್ದರು. ಕುಬ್ಬೂಸು ಇಲ್ಲಿಯ ಮೈದಾ ರೊಟ್ಟಿ, ಅಕ್ಕ ಎಂದರೆ ನಮ್ಮವ್ವ. ಅಭ್ಯಾಸವಿರಲಿ ಪಂದ್ಯವಿರಲಿ, ಶುಕ್ರವಾರದ ಆಟ ಬೆಳಿಗ್ಗೆಯೇ ಮುಗಿಯುತ್ತಿತ್ತು. ಅವರು ನಮ್ಮ ಮನೆಯಲ್ಲೇ ಸ್ನಾನ ಮಾಡಿ, ಶುಕ್ರವಾರದ ನಮಾಜಿಗೆ ಹೋಗಿ, ಊಟಕ್ಕೆ ವಾಪಸ್ಸು ಬರುತ್ತಿದ್ದರು. ಅವರು ಬರುವ ತನಕ ನಮ್ಮ ಮನೆಯಲ್ಲಿ ತಾಟು ಹಾಕುತ್ತಿರಲಿಲ್ಲ. ಹಸಿವಾಯಿತೆಂದು ನಾನು ಗೊಣಗಿದರೆ ಅಪ್ಪ, “ಮಂದಿ ಬರೂದೈತಿ, ತಡಿ,” ಎಂದು ಗದರುತ್ತಿದ್ದ.

ನನ್ನನ್ನು ಅವರು ಮ್ಯಾನೇಜರ್ ಎಂದು ಕರೆಯುತ್ತಿದ್ದರು.

“ಏನು ಮ್ಯಾನೇಜರೇ, ಈ ವರ್ಷ ನನ್ನನ್ನು ಎಷ್ಟನೆಯವನಾಗಿ ಇಳಿಸುವುದು?”

“ಓಪನಿಂಗ್.”

“ಹೊಸ ಬಾಲಿಗೆ ನನ್ನ ತಲೆ ಕೊಡುವುದಾ?”

“ಮೂರನೇದವ್ರಾದ್ರ ನೀವು ಚಾ ಕುಡಕೋತ ಕೂತಿರ್ತೀರಿ. ಕರದಾಗ ಕಾಲಾಗ ಪ್ಯಾಡ್ ಇರೂದಿಲ್ಲ.”

ಅವರು ಅಪ್ಪನ ಕಡೆ ತಿರುಗಿ, “ಪಾಟೀಲ್ ಸಾರ್, ಇವಳಿಗೆ ಎಲ್ಲ ಗೊತ್ತುಂಟು. ನೀವು ಸುಮ್ಮನೆ ಕ್ಯಾಪ್ಟನ್ ಅಂತ ಆ ನಾಗರಾಜನನ್ನು ಸಾಕುವುದು,” ಎಂದರು. ನಾನು ಮುಖ ಗಂಟು ಹಾಕಿಕೊಂಡು ನಿಂತಿದ್ದೆ. ಒಳಗೆ ಎಷ್ಟು ಸಂತೋಷವಾಗಿತ್ತೆಂದು ಯಾರಿಗೂ ತೋರಿಸಲಿಲ್ಲ.

ಆ ಸೀಸನ್ನಿಗೆಂದೇ ಅವರು ಹೊಸ ಬ್ಯಾಟು ಕೊಂಡಿದ್ದರು, ಹಸಿರು ಹಿಡಿಕೆಯದು. ಬುಧವಾರ ಸಂಜೆ ಬಂದು ನಮ್ಮ ಬಾಲ್ಕನಿಯಲ್ಲಿ ಕೂತು, ಹಳೆಯ ಬನಿಯನ್ನಿನ ಚೂರಿನಿಂದ ಅದಕ್ಕೆ ಅಗಸೆ ಎಣ್ಣೆ ತಿಕ್ಕಿ ಗೋಡೆಗೆ ಒರಗಿಸಿದರು. “ಶುಕ್ರವಾರದವರೆಗೆ ಕುಡಿಯಲಿ. ಮ್ಯಾನೇಜರೇ, ಸ್ವಲ್ಪ ನೋಡಿಕೊಳ್ಳಿ ಆಯ್ತಾ?” ಶುಕ್ರವಾರ ಮೊದಲ ಪಂದ್ಯ, ಅದೂ ಹಮ್ರಿಯಾದ ಮೇಲೆ.

ಗುರುವಾರ ಖಂಡೇಪೂಜೆ. ಆಯುಧಪೂಜೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಆಗ ಇಲ್ಲಿ ಗುರುವಾರವೂ ರಜೆ. ಅವ್ವ ಬೆಳಿಗ್ಗೆಯೇ ನೆಲ ಒರೆಸಿ, ಮಣೆಯ ಮೇಲೆ ಹಸಿರು ಖಣ ಹಾಸಿ, ಈಳಿಗೆ, ಚಾಕು, ಕತ್ತರಿ, ಅಪ್ಪನ ಸ್ಕ್ರೂಡ್ರೈವರುಗಳು, ಕಾರಿನ ಕೀಲಿ, ನನ್ನ ಶಾಲೆಯ ಪುಸ್ತಕ ಎಲ್ಲ ಜೋಡಿಸಿದಳು. ಒಮ್ಮೆ ಪೂಜೆಗೆ ಇಟ್ಟರೆ ಮರುದಿನ ಬೆಳಿಗ್ಗೆ ಅವ್ವ ಅಕ್ಷತೆ ಹಾಕಿ ಎತ್ತುವ ತನಕ ಅವನ್ನು ಮುಟ್ಟುವಂತಿಲ್ಲ. ಅವೂ ಒಂದು ದಿನ ವಿಶ್ರಾಂತಿ ಪಡೆಯಬೇಕು.

“ಬ್ಯಾಟ್ ಇಡ್ಲೇನು?” ಎಂದು ಕೇಳಿದೆ.

ಅವ್ವ ಹೂರಣ ರುಬ್ಬುತ್ತಿದ್ದಳು. “ಇಡವಾ. ನಿಮ್ಮಪ್ಪಗ ಅದ ಅಲ್ಲೇನು ಆಯುಧ.”

ನಾನು ಎಲ್ಲ ಬ್ಯಾಟುಗಳನ್ನೂ ತಂದು ಇಟ್ಟೆ. ಪ್ರತಿಯೊಂದಕ್ಕೂ ವಿಭೂತಿ ಹಚ್ಚಿ, ಅರಿಶಿನ, ಕುಂಕುಮ ಇಟ್ಟು, ಒಂದೊಂದು ಚೆಂಡುಹೂ ಕಟ್ಟಿದೆ. ಇಲ್ಯಾಸ್ ಅಂಕಲ್ ಬ್ಯಾಟು ಕಡೆಯದು. ನನ್ನ ಆಸೆಯೆಲ್ಲ ಅದರ ಮೇಲೇ ಇದ್ದುದರಿಂದ ಅದಕ್ಕೆ ಸುಮ್ಮನೆ ಬೊಟ್ಟಿಟ್ಟರೆ ಸಾಲದೆನಿಸಿತು. ಕುಂಕುಮವನ್ನು ನೀರಲ್ಲಿ ಕಲಸಿ, ಅಂಗೈಯಗಲದ ಸೂರ್ಯನನ್ನು ಬರೆದೆ, ಕಿರಣಗಳ ಸಮೇತ. ಒಂದು ಕಿರಣ ಹಿಡಿಕೆಯ ರಬ್ಬರಿನ ತನಕ ಹೋಯಿತು. ಕೈ ಮುಗಿದು, ಹಮ್ರಿಯಾ ಸೋಲಲಿ ಎಂದಲ್ಲ, ನಾವು ಗೆಲ್ಲಲಿ ಎಂದು ಬೇಡಿಕೊಂಡೆ. ಆ ವ್ಯತ್ಯಾಸ ದೇವರಿಗೆ ಮೆಚ್ಚುಗೆಯಾಗುತ್ತದೆ ಎಂದುಕೊಂಡಿದ್ದೆ.

ಸಂಜೆ ಪ್ರಸಾದಕ್ಕೆ ಬಂದ ನಾಗರಾಜ್ ಅಂಕಲ್ ಬಾಯಲ್ಲಿ ಕೋಸಂಬರಿ ಇಟ್ಟುಕೊಂಡೇ ಬಗ್ಗಿ ನೋಡಿದರು. ಮೊದಲು ತಮ್ಮ ಬ್ಯಾಟಿನ ಹೂವು ನೋಡಿ ನಕ್ಕರು. ಆಮೇಲೆ ನಗು ನಿಂತಿತು.

“ಪಾಟೀಲ್ ಸಾರ್, ಈ ಹಸಿರು ಹ್ಯಾಂಡಲ್ದು ಇಲ್ಯಾಸ್ದಲ್ವಾ?”

ಅಪ್ಪ ಬಂದು ನೋಡಿದ.

“ಅವರು ಏನೂ ಅನ್ನಲ್ಲ ಸಾರ್, ಅದು ಬೇರೆ ಮಾತು. ನಾಳೆ ಗ್ರೌಂಡಲ್ಲಿ ಎದುರು ಟೀಮ್ನವರು ನೋಡ್ತಾರೆ. ಅವರನ್ನೇ ಆಡ್ಕೋತಾರೆ. ನಾಲ್ಕು ಜನ ನಾಲ್ಕು ಥರ ಮಾತಾಡಿ ಯಾರದೋ ಕಫೀಲ್ ಕಿವಿಗೆ ಬಿದ್ರೆ? ಊರಲ್ಲಾದ್ರೆ ಬೇರೆ, ಇಲ್ಲಿ ಬೇರೆ ಅಲ್ವಾ.”

ಇಲ್ಲಿ ಕೆಲಸ ಕೊಟ್ಟವನು ಕಫೀಲ್. ಆ ಹೆಸರು ಬಂದ ಕೂಡಲೇ ದೊಡ್ಡವರು ದನಿ ತಗ್ಗಿಸುವುದನ್ನು ನಾನು ಮೊದಲೂ ನೋಡಿದ್ದೆ. ಅಪ್ಪನ ಮುಖ ನೋಡಿದೆ. ಅವನು ನನಗೆ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮಣೆಯ ಮುಂದೆ ಕೂತು ಬ್ಯಾಟಿಗೆ ಕೈ ಹಾಕಿದ.

“ಪೂಜಿ ಎತ್ತೂ ಮಟಾ ಮುಟ್ಟಬ್ಯಾಡ್ರಿ,” ಎಂದಳು ಅವ್ವ.

“ಸುಮ್ನಿರ. ನಿಂಗೂ ತಿಳೀಲಿಲ್ಲೇನು?”

“ಫೋನ್ ಹಚ್ಚಿ ಕೇಳ್ರಲಾ ಅವ್ರನ್ನ. ಹುಡುಗಿ ಹಿಂಗ ಮಾಡ್ಯಾಳ್ರಿ ಅಂತ ಹೇಳಿದ್ರ ಆತು.”

“ಏನಂತ ಹೇಳೂದು? ಏನಂತ?” ಎಂದ ಅಪ್ಪ. ಬುರೈಮಿಯ ಚಹಾದಂಗಡಿಯಲ್ಲಿ ಗುರುತಿಲ್ಲದವರ ಪಕ್ಕ ಹೋಗಿ ಕೂತವನು ಅವನೇ.

ಹೂ ಕಿತ್ತು, ಒದ್ದೆ ಬಟ್ಟೆಯಿಂದ ಒರೆಸಿದ. ಕುಂಕುಮ ಹರಡಿತು. ಹಿಂದಿನ ದಿನದ ಎಣ್ಣೆ ಇನ್ನೂ ಹಸಿಯಾಗಿತ್ತು, ಮರ ಎಣ್ಣೆಯ ಜೊತೆ ಬಣ್ಣವನ್ನೂ ಕುಡಿದುಬಿಟ್ಟಿತ್ತು. ಆಮೇಲೆ ಸೋಪು, ಆಮೇಲೆ ಅವ್ವನ ಉಗುರುಬಣ್ಣ ತೆಗೆಯುವ ದ್ರಾವಣ, ಕಡೆಗೆ ಸ್ಥಾವರದಿಂದ ತಂದ ಮರಳು ಕಾಗದ. ಮಂಡಿಯೂರಿ ಕೂತು ಅವನು ಉಜ್ಜುತ್ತಿದ್ದ. ಮರದ ಹಿಟ್ಟು ಮೊದಲು ಕೆಂಪಗೆ, ಆಮೇಲೆ ಹಳದಿಯಾಗಿ, ಆಮೇಲೆ ಬೆಳ್ಳಗೆ ನೆಲಕ್ಕೆ ಬೀಳುತ್ತಿತ್ತು. ಸೂರ್ಯ ಹೋದ. ಆದರೆ ಅವನಿದ್ದ ಜಾಗ ಉಳಿದ ಮರಕ್ಕಿಂತ ಬಿಳಿಯಾಗಿ ಇನ್ನೂ ಚೆನ್ನಾಗಿ ಕಾಣತೊಡಗಿತು. ನಾಗರಾಜ್ ಅಂಕಲ್ ಎರಡು ಸಲ “ಬರ್ತೀನಿ ಸಾರ್” ಎಂದು ಹೇಳಿ ಹೋದರು. ಅಪ್ಪ ಬ್ಯಾಟನ್ನು ಹಿಂದಿನ ಬಾಲ್ಕನಿಗೆ ಒಯ್ದು ವಾಷಿಂಗ್ ಮಷೀನಿನ ಹಿಂದೆ ನಿಲ್ಲಿಸಿದ. ಬಚ್ಚಿಟ್ಟು ಅಭ್ಯಾಸವಿಲ್ಲದವರು ಬಚ್ಚಿಡುವ ಜಾಗ ಅದು.

ಮರುದಿನ ಮೈದಾನದಲ್ಲಿ ಅಪ್ಪ ಹೇಳಿದ್ದು ನನಗೆ ಪೂರ್ತಿ ಕೇಳಿಸಿತು. ನಾನು ಮೊಳೆಯ ಡಬ್ಬಿ ಹಿಡಿದು ಪಕ್ಕದಲ್ಲೇ ಇದ್ದೆ. “ಇಲ್ಯಾಸಭಾಯಿ, ನಿಮ್ಮ ಬ್ಯಾಟಿನ ಹಿಡಿಕಿ ಅಳ್ಳಾಡ್ತಿತ್ರಿ. ರುವಿ ಪ್ಯಾಟಿಯೊಳಗ ರಿಪೇರಿಗೆ ಕೊಟ್ಟೇನಿ.”

“ಹೊಸ ಬ್ಯಾಟಿಂದಾ?” ಎಂದರು ಇಲ್ಯಾಸ್ ಅಂಕಲ್. ಆಮೇಲೆ, “ಆಯ್ತು ಸಾರ್,” ಎಂದು ನಾಗರಾಜ್ ಅಂಕಲ್ ಬ್ಯಾಟು ತಗೊಂಡು ನಾನು ಹೇಳಿದ ಹಾಗೆ ಓಪನಿಂಗ್ ಹೋದರು. ಹೋಗುವಾಗ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನಾನು ಮೊಳೆ ಎಣಿಸುವವಳಂತೆ ತಲೆ ತಗ್ಗಿಸಿದೆ.

ಆ ಬ್ಯಾಟು ಅವರ ಕೈಗೆ ಭಾರ. ರಸ್ತೆ ದಾಟಬೇಕಿದ್ದ ಹೊಡೆತ ಮೇಲಕ್ಕೆ ಹೋಗಿ ಅಲ್ಲೇ ಇಳಿಯಿತು. ಹಮ್ರಿಯಾದವನೊಬ್ಬ ನಿಂತಲ್ಲೇ ಹಿಡಿದ. “ಇಲ್ಯಾಸಾಕ, ನಮ್ಮಲ್ಲಿಗೆ ಬನ್ನಿ, ಒಳ್ಳೆ ಬ್ಯಾಟ್ ಕೊಡುವ,” ಎಂದು ಅವರಲ್ಲೊಬ್ಬ ಕೂಗಿದ. ಎಲ್ಲರೂ ನಕ್ಕರು, ಇಲ್ಯಾಸ್ ಅಂಕಲ್ ಕೂಡ. ಅಪ್ಪ ನಗಲಿಲ್ಲ. ನಾವು ಸೋತೆವು.

ನಮಾಜು ಮುಗಿಸಿ ಅವರು ಎಂದಿನಂತೆ ಊಟಕ್ಕೆ ಬಂದರು. ಕೈ ತೊಳೆಯುವ ತೊಟ್ಟಿ ಇದ್ದುದು ಹಿಂದಿನ ಬಾಲ್ಕನಿಯಲ್ಲಿ. ಪ್ರತಿ ಶುಕ್ರವಾರ ಅವರು ಅಲ್ಲೇ ಕೈ ತೊಳೆಯುತ್ತಿದ್ದರು. ಅಪ್ಪನಿಗೆ ಅದು ಹೇಗೆ ಹೊಳೆಯಲಿಲ್ಲವೋ ಗೊತ್ತಿಲ್ಲ. ನನಗೆ ಹೊಳೆಯಿತು. ಟವೆಲ್ ಕೊಡುವ ನೆಪದಲ್ಲಿ ಹಿಂದೆಯೇ ಓಡಿದೆ. ಅಷ್ಟರಲ್ಲಿ ಬ್ಯಾಟು ಅವರ ಕೈಯಲ್ಲಿತ್ತು. ಬಿಳಿಯ ಜಾಗದ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ರಬ್ಬರಿನ ಸಂದಿಯಲ್ಲಿ ಉಳಿದಿದ್ದ ಕೆಂಪನ್ನೂ ನೋಡಿದರು.

“ಇದು ಎಂಥ ಮ್ಯಾನೇಜರೇ?”

“ಖಂಡೇಪೂಜಿಗೆ ಕುಂಕುಮ ಹಚ್ಚಿದ್ನಿ. ನಾನ.”

“ಎಂಥಕ್ಕೆ?”

“ನೀವು ಭಾಳ ರನ್ ಹೊಡೀಲಿ ಅಂತ.”

ಅವರ ಮುಖ ಒಂದು ಕ್ಷಣ ನಗಲು ಹೊರಟಿತು. “ನಮ್ಮೂರಲ್ಲಿ ನನ್ನ ಅಪ್ಪನ ಲಾರಿಗೆ ಲೋಡಿಂಗಿನ ಹುಡುಗರು ಹೂವು ಹಾಕುತ್ತಿದ್ದರು ಈ ದಿವಸ. ಅಪ್ಪ ಅವರಿಗೆ ಚಾ ತರಿಸುವುದು, ಅವರು ಅಪ್ಪನಿಗೆ ಚುರುಮುರಿ ಕೊಡುವುದು.” ಆಮೇಲೆ ಮತ್ತೆ ಬಿಳಿಯ ಜಾಗ ಮುಟ್ಟಿದರು. “ಹಾಗಾದ್ರೆ ಇದನ್ನು ಇಷ್ಟು ಉಜ್ಜಿದ್ದು ಎಂಥಕ್ಕೆ?”

ನನಗೆ ಉತ್ತರ ಗೊತ್ತಿತ್ತು. ನಾಗರಾಜ್ ಅಂಕಲ್ ಹೇಳಿದ್ದನ್ನೆಲ್ಲ ಕೇಳಿದ್ದೆ. ಆದರೆ ಅದರಲ್ಲಿ ಯಾವ ಮಾತನ್ನು ಎತ್ತಿಕೊಂಡರೂ ಅವರ ಎದುರು ಹೇಳುವಂಥದಾಗಿರಲಿಲ್ಲ. ಟವೆಲ್ ಮುಂದೆ ಚಾಚಿದೆ. ಅವರು ಬ್ಯಾಟನ್ನು ಮಷೀನಿನ ಹಿಂದೆ, ಮೊದಲಿದ್ದ ಹಾಗೆಯೇ ನಿಲ್ಲಿಸಿ, ಕೈ ಒರೆಸಿಕೊಂಡು ಒಳಗೆ ಹೋಗಿ ಕೂತರು.

ಅವ್ವ ಹೋಳಿಗೆ ಮೇಲೆ ತುಪ್ಪ ಹಾಕಿದಳು. ಅಪ್ಪ ಹೇಳಿದ: “ಬರೂ ವಾರ ರಿಪೇರಿ ಆಗ್ತೈತಂತ್ರಿ. ನಾನ ಹೋಗಿ ತರ್ತೇನಿ.”

“ಅವಸರ ಇಲ್ಲ ಸಾರ್.”

“ಆ ಅಂಗಡಿಯಾಂವ ಛಲೋ ಮಾಡ್ತಾನ. ಗೊತ್ತಾಗೂದಿಲ್ಲ ನೋಡ್ರಿ, ಹೊಸಾದರಂಗ.”

“ಹೌದು ಸಾರ್, ಮಾಡುತ್ತಾರೆ.” ಅವರು ಹೋಳಿಗೆ ಮುರಿದರು. “ಅಕ್ಕ, ಹೋಳಿಗೆ ಕಳೆದ ವರ್ಷದ್ದಕ್ಕಿಂತ ಮೆತ್ತಗೆ ಉಂಟು.”

ಅಪ್ಪ ಸುಳ್ಳು ಹೇಳುವುದನ್ನು ನಾನು ಅದೇ ಮೊದಲು ಕೇಳಿದ್ದು. ಅದಕ್ಕಿಂತ, ಗೊತ್ತಿದ್ದೂ ಗೊತ್ತಿಲ್ಲದವರಂತೆ ಇನ್ನೊಬ್ಬರು ಅದನ್ನು ಕೈಹಿಡಿದು ದಾಟಿಸುವುದನ್ನು ಮೊದಲು ನೋಡಿದ್ದು. ಹೋಳಿಗೆಯನ್ನು ತಾಟಿನ ಅಂಚಿಗೆ ಸರಿಸಿದೆ. ಕಿವಿ ಸುಡುತ್ತಿತ್ತು. ಯಾರ ಸಲುವಾಗಿ ನಾಚಿಕೆಯೆಂದು ನನಗೆ ತಿಳಿಯಲಿಲ್ಲ. ಈಗಲೂ ಪೂರ್ತಿ ತಿಳಿದಿಲ್ಲ.

ಅಂದು ದಸರೆ. ಇಲ್ಲಿಯವರು ಗಾಫ್ ಎನ್ನುವ ಮರವೇ ನಮ್ಮ ಬನ್ನಿ ಮರ. ಅಪ್ಪ ಪ್ರತಿ ವರ್ಷ ಅದರ ಎಲೆ ತಂದು ಎಲ್ಲರಿಗಿಂತ ಮೊದಲು ಇಲ್ಯಾಸ್ ಅಂಕಲ್‌ಗೆ ಕೊಡುತ್ತಿದ್ದ. ಅವರು ಬುರೈಮಿಯಲ್ಲಿದ್ದಾಗಲೂ ಅದಕ್ಕೆಂದೇ ಬಂದುಹೋಗುತ್ತಿದ್ದರು. ಆ ದಿನವೂ ಬಾಗಿಲ ಬಳಿ ಎಲೆ ಹಿಡಿದು ನಿಂತ. “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ.”

“ಇರುವ ಸಾರ್,” ಎಂದು ಎರಡೂ ಕೈಯಲ್ಲಿ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು.

ಮುಂದಿನ ಶುಕ್ರವಾರ ಡ್ಯೂಟಿ ಇದೆಯೆಂದು ಫೋನು ಬಂತು. ಅದರ ಮುಂದಿನ ಶುಕ್ರವಾರವೂ. ಆ ಸೀಸನ್ನಿನ ಎರಡನೆಯ ಸುತ್ತಿನಲ್ಲಿ ಹಮ್ರಿಯಾದವರು ಬಂದಾಗ ಅವರು ಆ ಕಡೆಯ ಕಾರಿನಿಂದ ಇಳಿದರು, ಬೇರೆ ಬ್ಯಾಟು ಹಿಡಿದು. ಅಪ್ಪನ ಕೈ ಕುಲುಕಿದರು, ಅವ್ವನ ಆರೋಗ್ಯ ಕೇಳಿದರು. ಅವರು ಹೊಡೆದ ಚೆಂಡು ರಸ್ತೆ ದಾಟಿ ಪೆಟ್ರೋಲ್ ಪಂಪಿನ ತಗಡಿಗೆ ಬಡಿದು ಸದ್ದಾಯಿತು. ಇಡೀ ಬೇಸಿಗೆ ನಾನು ಮನಸ್ಸಿನಲ್ಲಿ ಕೇಳಿದ್ದ ಸದ್ದು ಅದೇ. ಚಪ್ಪಾಳೆ ತಟ್ಟಲು ಎತ್ತಿದ ಕೈಯನ್ನು ಮಡಿಲಿನಲ್ಲಿ ಇಟ್ಟುಕೊಂಡೆ. ಅದಾದ ಮೇಲೆ ಕೆಲವು ವರ್ಷಕ್ಕೆ ಅವರು ಊರಿಗೆ ಹೋದರೆಂದು ಯಾರೋ ಹೇಳಿದರು. ಬ್ಯಾಟು ಕೇಳಲಿಲ್ಲ. ನಾವು ಕೊಡಲೂ ಇಲ್ಲ. ಕೊಡಬೇಕಾದರೆ ರಿಪೇರಿ ಮುಗಿಯಿತೆಂದು ಹೇಳಬೇಕಾಗುತ್ತಿತ್ತು.

ಆ ಬಯಲಲ್ಲಿ ಈಗ ಫ್ಲಾಟುಗಳೆದ್ದಿವೆ. ಶುಕ್ರವಾರ ನಮ್ಮ ಮನೆಯಲ್ಲಿ ಊಟಕ್ಕೆ ಯಾರನ್ನೂ ಕಾಯುವುದಿಲ್ಲ, ಹಸಿವಾದಾಗ ಉಣ್ಣುತ್ತೇವೆ. ಬೇರೆಯವರ ವಸ್ತುವಿಗೆ ಏನನ್ನೇ ಹಚ್ಚುವ ಮೊದಲು ಕೇಳಬೇಕಿತ್ತು, ನಿಜ. ನಾನು ಕೇಳಲಿಲ್ಲ, ಯಾಕೆಂದರೆ ಆ ಬ್ಯಾಟು ಬೇರೆಯವರದೆಂದು ನನಗೆ ಹೊಳೆದೇ ಇರಲಿಲ್ಲ. ಈಗ ಎಲ್ಲವನ್ನೂ ಕೇಳುತ್ತೇನೆ. ಆಫೀಸಿನಲ್ಲಿ ಹಬ್ಬದ ಸಿಹಿ ಹಂಚುವಾಗ ಕೂಡ ಯಾರ ಮೇಜಿನ ಮುಂದೆ ನಿಲ್ಲಬೇಕು, ಯಾರ ಮುಂದೆ ಬೇಡ ಎಂದು ಮೊದಲೇ ಲೆಕ್ಕ ಹಾಕಿರುತ್ತೇನೆ. ಜೊತೆಯವರು ಅದನ್ನು ನನ್ನ ಸಭ್ಯತೆ ಎಂದುಕೊಂಡಿದ್ದಾರೆ. ಅಂಗೈಯಗಲದ ಸೂರ್ಯನನ್ನು ಬರೆದ ಹುಡುಗಿಯನ್ನು ಅವರು ನೋಡಿಲ್ಲ. ನಾನೂ ಅವಳನ್ನು ಆಮೇಲೆ ನೋಡಿದ್ದು ಕಡಿಮೆ.

ಅವಳು ಹೋದದ್ದು ಅಪ್ಪ ಉಜ್ಜಿದ ಸಂಜೆಯಲ್ಲ ಎಂದು ನನಗೆ ಗೊತ್ತಿದೆ. ದಸರೆಯ ಮರುದಿನ ಶನಿವಾರ, ಶಾಲೆ ಇತ್ತು. ಯೂನಿಫಾರ್ಮು ಹಾಕಿಕೊಂಡು ಹಿಂದಿನ ಬಾಲ್ಕನಿಗೆ ಹೋದೆ. ಬ್ಯಾಟನ್ನು ಹೊರಗೆಳೆದು, ಕರವಸ್ತ್ರ ಒದ್ದೆ ಮಾಡಿ, ರಬ್ಬರಿನ ಸಂದಿಯಲ್ಲಿ ಉಳಿದಿದ್ದ ಆ ಕೆಂಪನ್ನು ಉಜ್ಜಿದೆ. ಉಗುರಿನಿಂದ ಕೆರೆದೆ. ಮತ್ತೆ ಉಜ್ಜಿದೆ. ಹೊರಗಿನಿಂದ ಅಪ್ಪ ಕಾರಿನ ಹಾರ್ನ್ ಒತ್ತಿ, “ಯಲ್ಲಾ ಸುಮಾ, ಹೊತ್ತಾತು,” ಎಂದು ಕೂಗಿದ. ಕರವಸ್ತ್ರವನ್ನು ಕೆಂಪು ಒಳಗಾಗುವಂತೆ ಮಡಚಿ ಜೇಬಿಗೆ ಹಾಕಿಕೊಂಡೆ. ಬ್ಯಾಟನ್ನು ವಾಷಿಂಗ್ ಮಷೀನಿನ ಹಿಂದೆ, ಅಪ್ಪ ಇಟ್ಟಿದ್ದಕ್ಕಿಂತ ಇನ್ನೂ ಒಳಗೆ, ಯಾರ ಕಣ್ಣಿಗೂ ಬೀಳದಷ್ಟು ಒಳಗೆ ತಳ್ಳಿ, ಕಾರು ಹತ್ತಿದೆ.